ದುಡಿಮೆಯ ತಾಣದಲ್ಲಿ ಕ್ಷೇಮ: ಅಪಾಯಗಳನ್ನು ಗುರುತಿಸುವ ಮತ್ತು ನಿವಾರಿಸುವ ಬಗೆ



ಶಾಲೆಯಲ್ಲಿ ಪ್ರತಿದಿನ ಬೆಳಿಗ್ಗೆ ಹಾಜರಿ ಕರೆಯುತ್ತೇವೆ. ಹೆಸರು ಕರೆದಾಗ ಉತ್ತರ ಬಾರದಿದ್ದರೆ ಒಂದು ಗೆರೆ ಎಳೆದು ಮುಂದಿನ ಹೆಸರಿಗೆ ಹೋಗುತ್ತೇವೆ. ಕೆಲವು ವರ್ಷಗಳ ಹಿಂದೆ ಏಳನೆಯ ಇಯತ್ತೆಯ ಒಬ್ಬ ಹುಡುಗನ ಹೆಸರಿನ ಮುಂದೆ ಹದಿನೈದು ದಿನ ಎಡೆಬಿಡದೆ ಅಂಥ ಗೆರೆಗಳು ಬಿದ್ದವು. ಹದಿನಾರನೆಯ ದಿನ ಹುಡುಗನು ಬಂದನು. ವಿಚಾರಿಸಲಾಗಿ, ಆತನ ತಂದೆಯ ಬಲಗೈಯ ಮೂರು ಬೆರಳುಗಳು ಕೆಲಸದ ಸ್ಥಳದಲ್ಲಿ ತಗಡು ಒತ್ತುವ ಯಂತ್ರಕ್ಕೆ ಸಿಕ್ಕಿ ಹೋದವೆಂದು ತಿಳಿಯಿತು. “ಅಲ್ಲಿ ಎಚ್ಚರಿಕೆಯ ಬೋರ್ಡು ಇರಲಿಲ್ಲವೇನಪ್ಪಾ?” ಎಂದು ಕೇಳಿದೆ. ಹುಡುಗನು ತಲೆ ತಗ್ಗಿಸಿ, “ಇತ್ತಂತ್ರೀ ಸರ್. ಇಂಗ್ಲೀಷಿನಾಗ ಇತ್ತಂತ. ಅಪ್ಪಗ ಓದಾಕ ಬರಂಗಿಲ್ರೀ” ಎಂದನು.

ಆ ಮಾತು ನನ್ನ ಮನಸ್ಸಿನಲ್ಲಿ ಇಂದಿಗೂ ಚುಚ್ಚುತ್ತಿದೆ. ಓದು ಬರಹ ಕಲಿಸುವುದೇ ನಮ್ಮ ವೃತ್ತಿ. ಆದರೆ ನಾವು ಕಲಿಸಿದ ಓದು, ಅದರ ಅತ್ಯಂತ ಅವಶ್ಯಕತೆಯಿದ್ದ ಕ್ಷಣದಲ್ಲಿ, ಆ ಮನೆಗೆ ಉಪಯೋಗಕ್ಕೆ ಬರಲಿಲ್ಲ. ಮಗನಿಗೆ ಓದಲು ಬರುತ್ತಿತ್ತು; ಬೋರ್ಡು ಇದ್ದದ್ದು ತಂದೆಯ ಎದುರಿಗೆ. ಈ ಎರಡನ್ನೂ ಜೋಡಿಸುವ ಒಂದು ಸಣ್ಣ ಪ್ರಯತ್ನವೇ ಈ ಲೇಖನ.

ಕೊರ್ಲಿಮ್ ಊರು ಪಣಜಿಯಿಂದ ಫೋಂಡಾಕ್ಕೆ ಹೋಗುವ ದಾರಿಯಲ್ಲಿ, ಹಳೆ ಗೋವೆಯ ನೆರೆಯಲ್ಲಿ, ಕೈಗಾರಿಕಾ ವಸಾಹತನ್ನು ಮಡಿಲಲ್ಲಿಟ್ಟುಕೊಂಡಿರುವ ಊರು. ನಮ್ಮ ಪಾಲಕರಲ್ಲಿ ಬಹುಮಂದಿ ವಿಜಾಪುರ, ಬಾಗಲಕೋಟೆ, ಬೆಳಗಾವಿ, ಗದಗ, ಹಾವೇರಿ, ಕೊಪ್ಪಳದ ಕಡೆಯಿಂದ ಹೊಟ್ಟೆಯ ಪಾಡಿಗಾಗಿ ಇಲ್ಲಿಗೆ ಬಂದವರು. ಒಬ್ಬರು ಕಾರ್ಖಾನೆಯಲ್ಲಿ, ಒಬ್ಬರು ಗೌಂಡಿ ಕೆಲಸದಲ್ಲಿ, ಒಬ್ಬರು ಹಮಾಲಿಯಲ್ಲಿ, ತಾಯಂದಿರು ಮನೆಗೆಲಸದಲ್ಲಿ, ಹೀಗೆ ಎಲ್ಲರೂ ಮೈಮುರಿದು ದುಡಿಯುವವರೇ. ನಮ್ಮ ಶರಣರು ಕಾಯಕಕ್ಕೆ ಪೂಜೆಯ ಸ್ಥಾನವನ್ನು ಕೊಟ್ಟರು. ಕಾಯಕವು ಪೂಜ್ಯವಾದರೆ, ಕಾಯಕ ಮಾಡುವ ಕಾಯವೂ ಪೂಜ್ಯವೇ ಅಲ್ಲವೇ? ಅದನ್ನು ಕಾಪಾಡುವ ವಿದ್ಯೆಯನ್ನು ಕಲಿಯುವುದು ಎಲ್ಲರ ಕರ್ತವ್ಯ.

೧. ಅಪಾಯಮೂಲ ಮತ್ತು ಅಪಾಯಸಂಭವ

ಮೊದಲು ಎರಡು ಶಬ್ದಗಳ ಅರ್ಥವನ್ನು ಸರಿಯಾಗಿ ತಿಳಿದುಕೊಳ್ಳೋಣ. ಯಾವುದರಿಂದ ಮನುಷ್ಯನಿಗೆ ಕೇಡಾಗಬಹುದೋ ಅದು ಅಪಾಯಮೂಲ. ಆ ಕೇಡು ನಿಜವಾಗಿ ಸಂಭವಿಸುವ ಸಾಧ್ಯತೆ ಎಷ್ಟು, ಸಂಭವಿಸಿದರೆ ಅದರ ಪರಿಣಾಮ ಎಷ್ಟು ಘೋರ, ಎಂಬ ಎರಡರ ಲೆಕ್ಕವೇ ಅಪಾಯಸಂಭವ.

ಒಂದು ದೃಷ್ಟಾಂತ. ಕಟ್ಟೆಯಿಲ್ಲದ ಬಾವಿಯೊಂದಿದೆಯೆನ್ನಿ. ಅದು ಅಪಾಯಮೂಲ. ಯಾರೂ ಸುಳಿಯದ ಬೀಡು ಹೊಲದಲ್ಲಿದ್ದರೆ ಅದರ ಅಪಾಯಸಂಭವ ಅಲ್ಪ. ಅದೇ ಬಾವಿ ಬಾಲವಾಡಿಯ ಬಾಗಿಲ ಮುಂದಿದ್ದರೆ ಅಪಾಯಸಂಭವ ಅತ್ಯಧಿಕ. ಬಾವಿ ಒಂದೇ ಬಗೆಯದು. ಸುತ್ತಲಿನ ಪರಿಸ್ಥಿತಿ ಬೇರೆ. ಆದುದರಿಂದ ವಸ್ತುವನ್ನು ಮಾತ್ರ ನೋಡಿದರೆ ಸಾಲದು. ಅದರ ಬಳಿ ಯಾರು ಓಡಾಡುತ್ತಾರೆ, ಯಾವ ವೇಳೆಯಲ್ಲಿ, ಯಾವ ಅವಸರದಲ್ಲಿ ಎಂಬುದನ್ನೂ ನೋಡತಕ್ಕದ್ದು.

“ಇಷ್ಟು ವರ್ಷ ಏನೂ ಆಗಿಲ್ಲ, ಇನ್ನು ಏನಾದೀತು?” ಎಂದು ಹಲವರು ಹೇಳುವುದುಂಟು. ಇದು ತರ್ಕವಲ್ಲ, ಅಭ್ಯಾಸಬಲ. ಕಟ್ಟೆಯಿಲ್ಲದ ಬಾವಿಗೆ ನಿನ್ನೆಯವರೆಗೆ ಯಾರೂ ಬಿದ್ದಿಲ್ಲವೆಂಬುದು ಇಂದು ಬೀಳಲಾರರೆಂಬುದಕ್ಕೆ ಸಾಕ್ಷಿಯಾಗದು.

೨. ಅಪಾಯಗಳ ಬಗೆಗಳು

ಕೆಲಸದ ಸ್ಥಳದ ಅಪಾಯಗಳಲ್ಲಿ ಕೆಲವು ಕಣ್ಣಿಗೆ ಕಾಣುತ್ತವೆ, ಕೆಲವು ಕಾಣುವುದಿಲ್ಲ. ನಮ್ಮ ಪಾಲಕರು ನಿತ್ಯ ಎದುರಿಸುವ ಕೆಲವನ್ನು ಇಲ್ಲಿ ವಿವರಿಸುತ್ತೇನೆ.

ಎತ್ತರ. ಕಟ್ಟಡದ ಕೆಲಸದಲ್ಲಿ ಎತ್ತರದಿಂದ ಬೀಳುವುದು ಜೀವಹಾನಿಯ ದೊಡ್ಡ ಕಾರಣಗಳಲ್ಲೊಂದು. ಅಲುಗಾಡುವ ಸಾರವೆ, ಅಂಚಿಗೆ ಕಟಕಟೆಯಿಲ್ಲದ ಸ್ಲ್ಯಾಬು, ಸಿಮೆಂಟು ತಗಡಿನ ಹಳೆಯ ಮಾಡು, ಇವು ಮುಖ್ಯ ಅಪಾಯಮೂಲಗಳು. ನಿಚ್ಚಣಿಕೆಯನ್ನು ಇಡುವುದಕ್ಕೂ ಒಂದು ಗಣಿತವುಂಟು: ಗೋಡೆಯ ಮೇಲೆ ಅದು ಎಷ್ಟು ಎತ್ತರದಲ್ಲಿ ಒರಗಿದೆಯೋ ಅದರ ನಾಲ್ಕರಲ್ಲಿ ಒಂದು ಪಾಲಿನಷ್ಟು ದೂರದಲ್ಲಿ ಅದರ ಬುಡವಿರಬೇಕು. 12 ಅಡಿ ಎತ್ತರಕ್ಕೆ 3 ಅಡಿ ದೂರ. ಬುಡ ಇನ್ನೂ ಹತ್ತಿರವಾದರೆ ಏಣಿ ಹಿಂದಕ್ಕೆ ಮಗುಚುತ್ತದೆ. ದೂರವಾದರೆ ಬುಡ ಜಾರುತ್ತದೆ.

ಅಗೆತ. ಪಾಯ, ಪೈಪು, ಚರಂಡಿಗಳಿಗಾಗಿ ತೋಡಿದ ಕಾಲುವೆಯ ಮಣ್ಣು ಕುಸಿಯುವುದು ಇನ್ನೊಂದು. ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್ನಿಗೂ ಮಿಗಿಲು. ಎದೆಯವರೆಗೆ ಮಣ್ಣು ಮುಚ್ಚಿದರೂ ಸಾಕು, ಪಕ್ಕೆಲುಬು ಅಗಲಲಾರದೆ ಉಸಿರು ನಿಲ್ಲುತ್ತದೆ. ಗೋವೆಯ ಮಳೆಗಾಲದಲ್ಲಿ ಮಣ್ಣು ನೀರು ಕುಡಿದು ಭಾರವಾಗುವುದರಿಂದ ಈ ಭಯ ಹೆಚ್ಚು. ಗೋಡೆಗೆ ಹಲಗೆಯ ಆಸರೆ ಕೊಡದೆ, ತೋಡಿದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಿ, ಆಳವಾದ ಕಾಲುವೆಗೆ ಇಳಿಯಕೂಡದು.

ಯಂತ್ರ. ತಿರುಗುವ, ಕೊಯ್ಯುವ, ಒತ್ತುವ ಭಾಗಗಳಿಗೆ ಕವಚವಿರಬೇಕು. ಬೇಗ ಕೆಲಸವಾಗಲೆಂದು ಕವಚವನ್ನು ಬಿಚ್ಚಿಡುವುದು, ಯಂತ್ರ ನಡೆಯುತ್ತಿರುವಾಗಲೇ ಒರೆಸುವುದು, ಸಡಿಲವಾದ ಅಂಗಿ, ಧೋತರದ ಚುಂಗು, ಸೀರೆಯ ಸೆರಗು, ಕೈಯ ಕಡಗ, ಇವೆಲ್ಲವೂ ಅನಾಹುತಕ್ಕೆ ಆಹ್ವಾನ. ದುರಸ್ತಿಗೆ ಮೊದಲು ವಿದ್ಯುತ್ತನ್ನು ನಿಲ್ಲಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ದುರಸ್ತಿ ಮಾಡುವವನೇ ತನ್ನ ಜೇಬಿನಲ್ಲಿಟ್ಟುಕೊಳ್ಳತಕ್ಕದ್ದು. ಆಗ ಮತ್ತೊಬ್ಬನು ಅರಿಯದೆ ಯಂತ್ರ ಹಾಕುವ ಸಂಭವವೇ ಇಲ್ಲ.

ವಿದ್ಯುತ್ತು. ವಿಜ್ಞಾನದ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಿರಿ. 60 ವ್ಯಾಟಿನ ಒಂದು ಬಲ್ಬು 230 ವೋಲ್ಟಿನಲ್ಲಿ ಉರಿಯುವಾಗ ಅದರಲ್ಲಿ ಹರಿಯುವ ವಿದ್ಯುತ್ತು ಎಷ್ಟು? 60 ಭಾಗಿಸು 230, ಅಂದರೆ ಸುಮಾರು 0.26 ಆಂಪಿಯರ್, ಅರ್ಥಾತ್ 260 ಮಿಲಿಆಂಪಿಯರ್. ಇದರ ಅರ್ಧಕ್ಕಿಂತ ಕಡಿಮೆ, ಸುಮಾರು 100 ಮಿಲಿಆಂಪಿಯರ್ ವಿದ್ಯುತ್ತು ಎದೆಯ ಮೂಲಕ ಹಾಯ್ದರೆ ಹೃದಯದ ಬಡಿತ ತಪ್ಪಿ ಮನುಷ್ಯನು ಸಾಯಬಹುದು. ಒದ್ದೆಯಾದ ಚರ್ಮವು ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡುತ್ತದೆ. ಆದುದರಿಂದಲೇ ಮಳೆಗಾಲದಲ್ಲಿ ತೇಪೆ ಹಾಕಿದ ವಯರು, ಪ್ಲಗ್ಗಿಲ್ಲದೆ ರಂಧ್ರಕ್ಕೆ ತುರುಕಿದ ತಂತಿ ಯಮಪಾಶವಾಗುತ್ತವೆ. 30 ಮಿಲಿಆಂಪಿಯರಿನಷ್ಟು ವಿದ್ಯುತ್ತು ಸೋರಿದೊಡನೆ ತಾನಾಗಿ ಪ್ರವಾಹವನ್ನು ಕಡಿಯುವ ಸ್ವಿಚ್ಚು ಪೇಟೆಯಲ್ಲಿ ದೊರೆಯುತ್ತದೆ.

ಕಾಣದ ಅನಿಲ. ಶೌಚಗುಂಡಿ, ಮ್ಯಾನ್‌ಹೋಲು, ಬಹುಕಾಲ ಮುಚ್ಚಿಟ್ಟ ತೊಟ್ಟಿ, ಹಾಳು ಬಾವಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಸೇರಿಕೊಂಡಿರಬಹುದು. ಇದು ಗಾಳಿಗಿಂತ ಭಾರ, ತಳದಲ್ಲಿ ಕೂಡಿಕೊಳ್ಳುತ್ತದೆ. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ಆಗ “ವಾಸನೆ ಹೋಯಿತು, ಇನ್ನು ಭಯವಿಲ್ಲ” ಎಂದು ತಿಳಿದವನು ಮರುಕ್ಷಣವೇ ಕುಸಿಯುತ್ತಾನೆ. ಇಂಥ ಸ್ಥಳಗಳಲ್ಲಿ ಪ್ರಾಣವಾಯು ಕೂಡ ಕಡಿಮೆಯಿರುವುದುಂಟು. ಸಾಮಾನ್ಯ ಗಾಳಿಯಲ್ಲಿ ಅದು ನೂರಕ್ಕೆ ಸುಮಾರು 21 ಪಾಲು, 19.5ಕ್ಕಿಂತ ಇಳಿದರೆ ಅಂಥ ಸ್ಥಳಕ್ಕೆ ಹೊಕ್ಕಬಾರದು. ಒಬ್ಬನು ಬಿದ್ದುದನ್ನು ಕಂಡು ಇನ್ನೊಬ್ಬನು, ಅವನನ್ನು ಕಂಡು ಮತ್ತೊಬ್ಬನು ಇಳಿದು, ಒಂದೇ ಗುಂಡಿಯಲ್ಲಿ ಮೂವರು ಅಸುನೀಗಿದ ವಾರ್ತೆಗಳನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಅವರ ಹೃದಯ ದೊಡ್ಡದು. ಆದರೆ ತಿಳಿವಳಿಕೆಯಿಲ್ಲದ ಧೈರ್ಯವು ಜೀವವನ್ನು ಉಳಿಸಲಾರದು.

ಧೂಳು. ಗ್ರಾನೈಟು, ಕಾಂಕ್ರೀಟು, ಹೆಂಚುಬಿಲ್ಲೆಗಳನ್ನು ಒಣದಾಗಿ ಕೊಯ್ಯುವಾಗ ಏಳುವ ಬೆಳ್ಳನೆಯ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದರ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ತಳವನ್ನು ಸೇರಿ ಅಲ್ಲಿ ಗಾಯದ ಕಲೆಗಳನ್ನುಂಟುಮಾಡುತ್ತವೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ. ಕ್ಷಯರೋಗವೂ ಇಂಥವರನ್ನು ಬೇಗ ಹಿಡಿಯುತ್ತದೆ.

ರಾಸಾಯನಿಕ. ಆಮ್ಲ, ಬಣ್ಣ, ತಿನ್ನರು, ಕೀಟನಾಶಕ ಮೊದಲಾದವುಗಳ ಡಬ್ಬಿಗಳ ಮೇಲೆ ಗುರುತುಗಳಿರುತ್ತವೆ. ನಮ್ಮ ದೇಶದ ಕೀಟನಾಶಕಗಳ ಚೀಟಿಯ ಮೇಲೆ ತ್ರಿಕೋನದ ಬಣ್ಣವನ್ನು ನೋಡಿರಿ: ಕೆಂಪು ಅತ್ಯುಗ್ರ ವಿಷ, ಹಳದಿ ಉಗ್ರ ವಿಷ, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರೆಂದರೆ ನಿರ್ವಿಷವೆಂದು ಅರ್ಥವಲ್ಲ. ಕೆಲಸದ ಸ್ಥಳದ ಖಾಲಿ ಡಬ್ಬಿಯನ್ನು ಮನೆಗೆ ತಂದು ನೀರು ತುಂಬುವುದು, ಆಮ್ಲವನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡುವುದು, ಇವೆರಡನ್ನೂ ಎಂದಿಗೂ ಮಾಡಬಾರದು. ಬಾಟಲಿಯನ್ನು ಕಂಡ ಮಗುವಿಗೆ ಒಳಗಿರುವುದು ಏನೆಂದು ತಿಳಿಯದು.

ಶಬ್ದ ಮತ್ತು ಭಾರ. ಕೈಗೆಟುಕುವ ದೂರದಲ್ಲಿ ನಿಂತವನೊಡನೆ ಕೂಗಿ ಮಾತನಾಡಬೇಕಾದರೆ ಅಲ್ಲಿಯ ಶಬ್ದವು ಕಿವಿಗೆ ಹಾನಿಕರವೆಂದು ತಿಳಿಯಿರಿ. ಹೀಗೆ ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಇನ್ನು ಭಾರದ ಮಾತು. ಅಮೆರಿಕೆಯ ವೃತ್ತಿ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, ಎಲ್ಲ ಅನುಕೂಲಗಳಿದ್ದಾಗಲೂ ಒಬ್ಬನು ಎತ್ತಬಹುದಾದ ಭಾರ 23 ಕಿಲೋಗ್ರಾಮ್. ನಮ್ಮಲ್ಲಿ ಒಂದು ಸಿಮೆಂಟು ಚೀಲ 50 ಕಿಲೋಗ್ರಾಮ್! ಇಬ್ಬರು ಹಿಡಿಯುವುದು ಸೋಮಾರಿತನವಲ್ಲ, ವಿವೇಕ.

೩. ಗುರುತಿಸುವ ಕ್ರಮ

ಇಟಲಿಯ ವೈದ್ಯ ಬರ್ನಾರ್ದಿನೋ ರಾಮಾಝೀನಿ ಎಂಬವರು 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ವೈದ್ಯನು ರೋಗಿಯನ್ನು ಕೇಳತಕ್ಕ ಪ್ರಶ್ನೆಗಳಿಗೆ ಅವರು ಹೊಸದೊಂದನ್ನು ಸೇರಿಸಿದರು: ನಿನ್ನ ಕಸುಬು ಯಾವುದು? ಅಪಾಯಗಳನ್ನು ಗುರುತಿಸುವ ಶಾಸ್ತ್ರವೆಲ್ಲವೂ ಕೇಳುವುದರಿಂದಲೇ ಆರಂಭವಾಗುತ್ತದೆ. ಅದರ ಕ್ರಮ ಹೀಗೆ:

(ಅ) ಸ್ಥಳವನ್ನು ನಿಧಾನವಾಗಿ ಸುತ್ತಿ, ಮೇಲೆ, ಕೆಳಗೆ, ಹಿಂದೆ, ಮುಂದೆ ನೋಡುವುದು.
(ಆ) ಕೆಲಸ ಮಾಡುವವರನ್ನೇ ಕೇಳುವುದು. ಯಾವ ಯಂತ್ರ ತೊಂದರೆ ಕೊಡುತ್ತದೆಂದು ಅದರ ಬಳಿ ನಿಲ್ಲುವವನಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರದು.
(ಇ) ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನು ಬರೆದಿಡುವುದು. ಮೇಲಿನಿಂದ ಬಿದ್ದ ಇಟ್ಟಿಗೆ ಯಾರಿಗೂ ತಗಲಲಿಲ್ಲವೆಂದು ನಕ್ಕು ಮರೆತರೆ, ಮುಂದಿನ ಇಟ್ಟಿಗೆ ತಗಲೀತು.
(ಈ) ಪ್ರತಿಯೊಂದಕ್ಕೂ ಅಂಕ ಕೊಡುವುದು.

ಅಂಕ ಕೊಡುವ ರೀತಿ ಸರಳವಾದದ್ದು. ಸಂಭವಕ್ಕೆ 1ರಿಂದ 3: ಅಪರೂಪವಾದರೆ 1, ಆಗಾಗ ಆಗಬಹುದಾದರೆ 2, ಯಾವಾಗ ಬೇಕಾದರೂ ಆಗಬಹುದಾದರೆ 3. ತೀವ್ರತೆಗೂ ಹಾಗೆಯೇ: ಸಣ್ಣ ಗಾಯವಾದರೆ 1, ಆಸ್ಪತ್ರೆಗೆ ಹೋಗಬೇಕಾದರೆ 2, ಜೀವ ಅಥವಾ ಅಂಗ ಹೋಗುವಂಥದಾದರೆ 3. ಎರಡನ್ನೂ ಗುಣಿಸಿರಿ. ಗುಣಲಬ್ಧ ದೊಡ್ಡದಾದಷ್ಟೂ ಪರಿಹಾರ ತುರ್ತಾಗಿ ಆಗತಕ್ಕದ್ದು.

ಇದನ್ನು ನಾವು ನಮ್ಮ ಶಾಲೆಯಲ್ಲಿಯೇ ಪ್ರಯೋಗ ಮಾಡಿದೆವು. ಶಾಲೆಯೂ ಒಂದು ಕೆಲಸದ ಸ್ಥಳವೇ ಸರಿ. ಎಂಟನೆಯ ಇಯತ್ತೆಯ ವಿದ್ಯಾರ್ಥಿಗಳು ತಂಡಗಳಾಗಿ ಆವರಣವನ್ನು ಸುತ್ತಿ ಒಂದು ವಹಿಯಲ್ಲಿ ಬರೆದರು. ಬೆಂಚಿನಿಂದ ಹೊರಬಂದ ಮೊಳೆ: ಸಂಭವ 3, ತೀವ್ರತೆ 1, ಒಟ್ಟು 3. ನೆಲದಡಿಯ ನೀರಿನ ತೊಟ್ಟಿಯ ತುಕ್ಕು ಹಿಡಿದ ಮುಚ್ಚಳ: ಸಂಭವ 2, ತೀವ್ರತೆ 3, ಒಟ್ಟು 6. ಸದಾ ಒದ್ದೆಯಾಗಿರುವ ನೆಲದ ಮೇಲೆ ಪಂಪಿನ ಸಡಿಲ ವಯರು: ಸಂಭವ 3, ತೀವ್ರತೆ 3, ಒಟ್ಟು 9. ನಾನು ದಿನಕ್ಕೆ ಹತ್ತು ಸಲ ಆ ಪಂಪಿನ ಪಕ್ಕದಲ್ಲಿ ಓಡಾಡುತ್ತಿದ್ದೆ. ನನ್ನ ಕಣ್ಣಿಗೆ ಅದು ಎಂದೂ ಬಿದ್ದಿರಲಿಲ್ಲ. ನಿತ್ಯ ನೋಡುವ ಕಣ್ಣು ಕುರುಡಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಅಂದೇ ಪಂಪನ್ನು ನಿಲ್ಲಿಸಿ, ಬಲ್ಲ ಕೆಲಸಗಾರನಿಂದ ವಯರನ್ನು ಬದಲಿಸಿ, ಮೇಲೆ ಹೇಳಿದ ಸ್ವಿಚ್ಚನ್ನು ಹಾಕಿಸಿದೆವು. ಅನಂತರ ತೊಟ್ಟಿಯ ಮುಚ್ಚಳ, ಕೊನೆಗೆ ಮೊಳೆ.

೪. ನಿವಾರಣೆಯ ಐದು ಮೆಟ್ಟಿಲುಗಳು

ಅಪಾಯವನ್ನು ಗುರುತಿಸಿದ ಮೇಲೆ ಏನು ಮಾಡಬೇಕು? ಹೆಲ್ಮೆಟ್ಟು ಕೊಟ್ಟರೆ ಆಯಿತೆಂದು ಹಲವರ ಎಣಿಕೆ. ಅದು ತಪ್ಪು. ನಿವಾರಣೆಗೆ ಐದು ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲಿನಿಂದಲೇ ವಿಚಾರವನ್ನು ಆರಂಭಿಸಬೇಕು. ಮತ್ತೆ ಆ ಬಾವಿಯ ಬಳಿಗೇ ಹೋಗೋಣ.

ಮೊದಲನೆಯದು, ಅಪಾಯಮೂಲವನ್ನೇ ತೆಗೆದುಹಾಕುವುದು: ಉಪಯೋಗವಿಲ್ಲದ ಬಾವಿಯನ್ನು ಮುಚ್ಚಿಬಿಡುವುದು. ಎರಡನೆಯದು, ಕಡಿಮೆ ಅಪಾಯದ ವಸ್ತುವನ್ನು ಅದರ ಸ್ಥಾನದಲ್ಲಿಡುವುದು: ಬಾವಿಯ ಬದಲು ಕೈಪಂಪು. ಮೂರನೆಯದು, ಮನುಷ್ಯನಿಗೂ ಅಪಾಯಕ್ಕೂ ನಡುವೆ ತಡೆ ಕಟ್ಟುವುದು: ಬಾವಿಗೆ ಕಟ್ಟೆ ಮತ್ತು ಕಬ್ಬಿಣದ ಜಾಲರಿ. ನಾಲ್ಕನೆಯದು, ನಿಯಮ, ತರಬೇತಿ, ಸೂಚನಾ ಫಲಕ: “ಮಕ್ಕಳು ಇತ್ತ ಬರಬಾರದು” ಎಂಬ ಬೋರ್ಡು. ಐದನೆಯದು, ಮೈಮೇಲಿನ ರಕ್ಷಣೆ: ನೀರು ಸೇದುವವನ ಸೊಂಟಕ್ಕೆ ಹಗ್ಗ.

ಮೊದಲ ಮೂರು ಮೆಟ್ಟಿಲುಗಳು ಮನುಷ್ಯನ ಎಚ್ಚರವನ್ನು ಅಷ್ಟಾಗಿ ನಂಬಿಕೊಂಡಿಲ್ಲ. ಕಟ್ಟೆಯು ನಿದ್ದೆಗಣ್ಣಿನವನನ್ನೂ ಕಾಯುತ್ತದೆ, ಓದು ಬಾರದವನನ್ನೂ ಕಾಯುತ್ತದೆ. ಕೊನೆಯ ಎರಡು ಮೆಟ್ಟಿಲುಗಳಾದರೋ ಮನುಷ್ಯನು ಪ್ರತಿ ಕ್ಷಣವೂ ತಪ್ಪದೆ ನಡೆಯುವನೆಂಬ ಭರವಸೆಯ ಮೇಲೆ ನಿಂತಿವೆ. ಹನ್ನೆರಡು ತಾಸು ದುಡಿದು ಬಳಲಿದವನಲ್ಲಿ ಅಂಥ ಎಚ್ಚರವನ್ನು ನಿರೀಕ್ಷಿಸುವುದು ನ್ಯಾಯವೇ? ಆ ಹುಡುಗನ ತಂದೆಯ ಯಂತ್ರದ ಮುಂದೆ ಇದ್ದುದು ನಾಲ್ಕನೆಯ ಮೆಟ್ಟಿಲು, ಬೋರ್ಡು ಮಾತ್ರ. ಕೈ ಒಳಗಿರುವಾಗ ಯಂತ್ರವು ಇಳಿಯದಂತೆ ಮಾಡುವ ಕವಚ, ಎಂದರೆ ಮೂರನೆಯ ಮೆಟ್ಟಿಲು, ಅಲ್ಲಿ ಇದ್ದಿದ್ದರೆ, ಆತನು ಓದಬಲ್ಲನೋ ಇಲ್ಲವೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಆದುದರಿಂದ ಅಪಘಾತವಾದಾಗಲೆಲ್ಲ “ಕೆಲಸಗಾರನ ಅಜಾಗರೂಕತೆ” ಎಂದು ಬರೆದು ಕಡತ ಮುಚ್ಚುವುದು ಸರಿಯಲ್ಲ.

ಮೊದಲ ಮೆಟ್ಟಿಲಿಗೆ ಜಗತ್ತಿನಿಂದ ಒಂದು ಉದಾಹರಣೆ. ಅಡುಗೆಮನೆಯ ಕಟ್ಟೆಗಳಿಗೆ ಬಳಸುವ ಕೃತಕ ಕಲ್ಲಿನಲ್ಲಿ ಸಿಲಿಕಾದ ಅಂಶ ಬಹಳ ಹೆಚ್ಚು. ಅದನ್ನು ಕೊಯ್ಯುವ ತರುಣ ಕೆಲಸಗಾರರು ಸಿಲಿಕೋಸಿಸ್ಸಿಗೆ ತುತ್ತಾದುದನ್ನು ಕಂಡು ಆಸ್ಟ್ರೇಲಿಯಾ ದೇಶವು 1 ಜುಲೈ 2024ರಿಂದ ಆ ಕಲ್ಲನ್ನೇ ನಿಷೇಧಿಸಿತು. ಮುಖವಾಡ ಹಂಚಿ ಸುಮ್ಮನಾಗಲಿಲ್ಲ.

೫. ಕೋಲಾರದ ಗಣಿಗಳ ಪಾಠ

ನಮ್ಮ ಕನ್ನಡ ನಾಡಿನಲ್ಲಿಯೇ ಈ ವಿಷಯದ ದೊಡ್ಡ ಪಾಠಶಾಲೆಯೊಂದಿತ್ತು. ಅದು ಕೋಲಾರದ ಚಿನ್ನದ ಗಣಿ. 1880ರ ದಶಕದಿಂದ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿಯ ಆಡಳಿತದಲ್ಲಿ ಬೆಳೆದ ಈ ಗಣಿಗಳನ್ನು 1956ರಲ್ಲಿ ಮೈಸೂರು ಸರಕಾರವು ವಹಿಸಿಕೊಂಡಿತು. 2001ರಲ್ಲಿ ಅವು ಮುಚ್ಚಿದವು. ಚಾಂಪಿಯನ್ ರೀಫ್ ಗಣಿಯು ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಪ್ರಪಂಚದ ಅತಿ ಆಳವಾದ ಗಣಿಗಳಲ್ಲೊಂದಾಗಿತ್ತು. ಅಲ್ಲಿ ಬಂಡೆಗಳು ಮೇಲಿನ ಒತ್ತಡವನ್ನು ತಾಳಲಾರದೆ ಸಿಡಿಯುತ್ತಿದ್ದವು. ಈ ಬಂಡೆಸಿಡಿತದಲ್ಲಿ ಪ್ರಾಣ ತೆತ್ತವರು ಅನೇಕರು.

ಆದರೆ ಸಿಡಿತದ ಸಪ್ಪಳ ಎಲ್ಲರಿಗೂ ಕೇಳಿಸುತ್ತಿತ್ತು, ಧೂಳಿಗೆ ಸಪ್ಪಳವಿಲ್ಲ. ಭಾರತದಲ್ಲಿ ಸಿಲಿಕೋಸಿಸ್ ರೋಗವನ್ನು ಕುರಿತು ನಡೆದ ಆರಂಭದ ಅಧ್ಯಯನಗಳಲ್ಲಿ 1940ರ ದಶಕದಲ್ಲಿ ಈ ಕೋಲಾರದ ಗಣಿಕೆಲಸಗಾರರನ್ನು ಪರೀಕ್ಷಿಸಿ ಮಾಡಿದವು ಪ್ರಮುಖವಾದವು. ಮುಂದೆ ಈ ರೋಗವು 1948ರ ಕಾರ್ಖಾನೆಗಳ ಕಾಯಿದೆ ಮತ್ತು 1952ರ ಗಣಿಗಳ ಕಾಯಿದೆಗಳ ಅಡಿಯಲ್ಲಿ, ಕಂಡೊಡನೆ ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿತು. ಬಂಡೆಯನ್ನು ನೀರು ಬಿಟ್ಟು ಕೊರೆಯುವುದು, ಗಾಳಿಯನ್ನು ಯಂತ್ರದಿಂದ ಹರಿಯಿಸುವುದು ಮುಂತಾದ ಉಪಾಯಗಳು ಧೂಳನ್ನು ಹುಟ್ಟಿನಲ್ಲಿಯೇ ಅಡಗಿಸುತ್ತವೆ. ಇಂದು ನಮ್ಮ ನೆರೆಯಲ್ಲಿ ಹೆಂಚುಬಿಲ್ಲೆ ಕೊಯ್ಯುವ ತಂದೆಯೊಬ್ಬನು ಕಟರಿನ ಬಾಯಿಗೆ ನೀರಿನ ಧಾರೆ ಬಿಟ್ಟುಕೊಂಡರೆ, ಕೋಲಾರದ ಹಿರಿಯರು ತಮ್ಮ ಎದೆಗೂಡುಗಳನ್ನು ತೆತ್ತು ಕಲಿಸಿದ ಪಾಠವನ್ನು ಆತನು ಪಾಲಿಸಿದಂತೆಯೇ.

೬. ಕಾನೂನಿನ ರಕ್ಷಣೆ

1984ರ ಡಿಸೆಂಬರ್ 2 ಮತ್ತು 3ರ ನಡುವಣ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನರು ಸತ್ತರು. ಆ ದುರಂತದ ತರುವಾಯ, 1987ರಲ್ಲಿ, 1948ರ ಕಾರ್ಖಾನೆಗಳ ಕಾಯಿದೆಯನ್ನು ತಿದ್ದಿ, ಅಪಾಯಕಾರಿ ವಸ್ತುಗಳ ಮಾಹಿತಿಯನ್ನು ಕೆಲಸಗಾರರಿಗೂ ನೆರೆಹೊರೆಯವರಿಗೂ ತಿಳಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಲಾಯಿತು. ಕೆಟ್ಟ ಮೇಲೆ ಬುದ್ಧಿ ಬಂತೆಂಬ ಗಾದೆ ಸುಳ್ಳಲ್ಲ. ಆ ಹಳೆಯ ಕಾಯಿದೆಯ ಸ್ಥಾನದಲ್ಲಿ ಈಗ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 21 ನವೆಂಬರ್ 2025ರಿಂದ ಜಾರಿಗೆ ಬಂದಿದೆ.

ಈ ಸಂಹಿತೆಯಲ್ಲಿ ಪಾಲಕರು ತಿಳಿದಿರತಕ್ಕ ಮಾತುಗಳು ಇವು. ಕೆಲಸದ ಸ್ಥಳವನ್ನು ಅಪಾಯರಹಿತವಾಗಿಡುವುದು ಮಾಲೀಕರ ಕರ್ತವ್ಯ. ಸುರಕ್ಷತೆಗಾಗಿ ಕೊಟ್ಟ ಸಾಧನಗಳಿಗೆ ಕೆಲಸಗಾರನಿಂದ ಹಣ ವಸೂಲು ಮಾಡಕೂಡದು. ನೇಮಕದ ಪತ್ರವನ್ನು ಕೊಡಬೇಕು. ತನ್ನ ಆರೋಗ್ಯ ಮತ್ತು ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಕೇಳಿ ಪಡೆಯುವ ಹಕ್ಕು ಕೆಲಸಗಾರನಿಗೆ ಇದೆ. ಘೋರ ಅಪಾಯ ಸನ್ನಿಹಿತವಾಗಿದೆಯೆಂದು ಕಂಡರೆ ಮಾಲೀಕರಿಗೆ ತಿಳಿಸುವ ಹಕ್ಕೂ ಇದೆ. ಕೆಲಸಗಾರನಿಗೆ ಕರ್ತವ್ಯವೂ ಉಂಟು: ಕೊಟ್ಟ ಸಾಧನವನ್ನು ಬಳಸಬೇಕು, ಕವಚವನ್ನು ಕಿತ್ತಿಡಬಾರದು.

ಶೌಚಗುಂಡಿ ಮತ್ತು ಒಳಚರಂಡಿಗಳಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆಯು ನಿಷೇಧಿಸಿದೆ. ಇಂಥ ಮರಣಗಳಿಗೆ ಪರಿಹಾರಧನವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗಳಿಗೆ ಏರಿಸಿತು. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವುದೂ, 14ರಿಂದ 18ರೊಳಗಿನವರನ್ನು ಅಪಾಯಕರ ಕೆಲಸಗಳಿಗೆ ಹಚ್ಚುವುದೂ ಅಪರಾಧ. ಕಟ್ಟಡದ ಕೆಲಸದವರು, ವರ್ಷದಲ್ಲಿ 90 ದಿನ ಆ ಕೆಲಸ ಮಾಡಿದ್ದರೆ, ಕಲ್ಯಾಣ ಮಂಡಳಿಯಲ್ಲಿ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳಬಹುದು. ದಯವಿಟ್ಟು ಅಲಕ್ಷಿಸಬೇಡಿರಿ.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು. 1948ರ ಕಾಯಿದೆಯಲ್ಲಿ ಕಾರ್ಖಾನೆಯ ಸೂಚನೆಗಳು ಇಂಗ್ಲೀಷಿನಲ್ಲಿಯೂ ಬಹುಸಂಖ್ಯಾತ ಕೆಲಸಗಾರರು ಬಲ್ಲ ಭಾಷೆಯಲ್ಲಿಯೂ ಇರಬೇಕೆಂದು ವಿಧಿಯಿತ್ತು. ಬಹುಸಂಖ್ಯಾತರ ಭಾಷೆ! ಆದರೆ ಗೋವೆಯ ಒಂದು ಕಾರ್ಖಾನೆಯಲ್ಲಿ ನಾಲ್ಕಾರು ಜನ ಕನ್ನಡಿಗರಿದ್ದರೆ, ಅವರ ಭಾಷೆ ಬಹುಸಂಖ್ಯಾತರದಾಗುವುದು ಹೇಗೆ? ಯಂತ್ರವು ಬೆರಳಿನ ಭಾಷೆಯನ್ನು ಕೇಳುವುದಿಲ್ಲ. ಕಾನೂನು ತಲುಪದ ಈ ಸಂದಿಯನ್ನು ತುಂಬತಕ್ಕವರು ಯಾರು? ವಿದ್ಯಾರ್ಥಿಗಳೇ, ನೀವೇ.

೭. ವಿದ್ಯಾರ್ಥಿಗಳಿಗೂ ಪಾಲಕರಿಗೂ ಬಿನ್ನಹ

ವಿದ್ಯಾರ್ಥಿಗಳೇ, ನೀವು ಕೆಲಸದ ಸ್ಥಳಕ್ಕೆ ಹೋಗಬೇಡಿರಿ. ಬುತ್ತಿ ಕೊಡುವ ನೆಪದಿಂದಲೂ ಸಾರವೆಯ ಕೆಳಗೆ ನಿಲ್ಲಬೇಡಿರಿ. ಆದರೆ ನಿಮ್ಮ ತಂದೆ ತಾಯಿಯರು ಅಲ್ಲಿಯ ಬೋರ್ಡಿನ ಚಿತ್ರವನ್ನು ತಮ್ಮ ಮೊಬೈಲಿನಲ್ಲಿ ತೆಗೆದುಕೊಂಡು ಬರಲಿ. ಸಂಜೆ ಅವರ ಪಕ್ಕದಲ್ಲಿ ಕುಳಿತು ಅದನ್ನು ಕನ್ನಡದಲ್ಲಿ ಓದಿ ಹೇಳಿರಿ. ನಿಮಗೆ ತಿಳಿಯದಿದ್ದರೆ ಶಾಲೆಗೆ ತನ್ನಿರಿ. ನಾವು ಕೂಡಿ ಓದೋಣ. ಈ ವರ್ಷದಿಂದ ಎಂಟನೆಯ ಇಯತ್ತೆಯ ಇಂಗ್ಲೀಷ್ ತಾಸಿನಲ್ಲಿ ಇಂಥ ಫಲಕಗಳ ಅನುವಾದವನ್ನೂ ಅಭ್ಯಾಸವಾಗಿ ಕೊಡುತ್ತಿದ್ದೇವೆ.

ಪಾಲಕರೇ, ಮಗನೋ ಮಗಳೋ ಓದಿ ಹೇಳಿದಾಗ “ನಿನಗೇನು ತಿಳಿಯುತ್ತದೆ” ಎಂದು ಗದರಿಸಬೇಡಿರಿ. ಸಂಕೋಚವು ಕೂಡ ಒಂದು ಅಪಾಯಮೂಲವೇ. ತಿಳಿಯದುದನ್ನು ಮೇಸ್ತ್ರಿಯವರನ್ನು ಕೇಳಲು ನಾಚಿಕೆಪಟ್ಟು ಅಂಗವನ್ನು ಕಳೆದುಕೊಂಡವರು ಬಹಳ.

ಅಪಘಾತವಾದರೆ ನೆನಪಿಡತಕ್ಕ ನಾಲ್ಕು ಮಾತುಗಳು. ವಿದ್ಯುತ್ತು ತಗಲಿದವನನ್ನು ಮುಟ್ಟಬೇಡಿರಿ. ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿರಿ. ಗುಂಡಿಯಲ್ಲಿ ಬಿದ್ದವನ ಹಿಂದೆ ಇಳಿಯಬೇಡಿರಿ. 112 ಅಥವಾ 101ಕ್ಕೆ ಕರೆಮಾಡಿರಿ. ಸುಟ್ಟ ಗಾಯಕ್ಕೆ ಮಸಿ, ಎಣ್ಣೆ ಹಚ್ಚದೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರನ್ನು ಬಿಡಿರಿ. ಬೆರಳು ತುಂಡಾದರೆ ಗಾಯವನ್ನು ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು, ತುಂಡನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು, 108ರ ವಾಹನದಲ್ಲಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮಂಜುಗಡ್ಡೆಯು ಬೆರಳಿಗೆ ನೇರವಾಗಿ ತಾಗಬಾರದು. ಬೇಗ ತಲುಪಿದರೆ ಕೆಲವೊಮ್ಮೆ ಮತ್ತೆ ಜೋಡಿಸಲು ಸಾಧ್ಯವಾಗುತ್ತದೆ.

ಪ್ರತಿವರ್ಷ ಮಾರ್ಚ್ 4ನ್ನು ನಮ್ಮ ದೇಶದಲ್ಲಿ ರಾಷ್ಟ್ರೀಯ ಸುರಕ್ಷತಾ ದಿನವೆಂದು ಆಚರಿಸುತ್ತಾರೆ. 1966ರಲ್ಲಿ ಅದೇ ದಿನ ರಾಷ್ಟ್ರೀಯ ಸುರಕ್ಷತಾ ಪರಿಷತ್ತು ಸ್ಥಾಪನೆಯಾಯಿತು. ಆದರೆ ಕ್ಷೇಮಕ್ಕೆ ವರ್ಷದ ಒಂದು ದಿನ ಸಾಲದು.

ಆ ಹುಡುಗನು ಮುಂದೆ ಶಾಲೆ ಬಿಡಲಿಲ್ಲ ಎಂಬುದನ್ನು ಸಂತೋಷದಿಂದ ತಿಳಿಸುತ್ತೇನೆ. ಈಗ ಆತನ ತಂದೆ ಎಡಗೈಯಿಂದ ಸಹಿ ಮಾಡಲು ಕಲಿತಿದ್ದಾರೆ. ಕಲಿಸಿದವನು ಮಗನೇ. ಪ್ರಗತಿಪತ್ರಕದ ಮೇಲೆ ಆ ಅಂಕುಡೊಂಕಾದ ಕನ್ನಡದ ಸಹಿಯನ್ನು ಮೊದಲ ಬಾರಿ ಕಂಡಂದು ನಾನು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆ. ಬೆಳಿಗ್ಗೆ ದುಡಿಯಲು ಹೋದ ಪ್ರತಿಯೊಬ್ಬ ತಂದೆಯೂ ಪ್ರತಿಯೊಬ್ಬ ತಾಯಿಯೂ ಸಂಜೆ ಹೋದ ಹಾಗೆಯೇ ಮನೆಗೆ ಮರಳಲಿ, ಮನೆಯ ಹಾಜರಿಯಲ್ಲಿ ಯಾರ ಹೆಸರಿನ ಮುಂದೆಯೂ ಗೆರೆ ಬೀಳದಿರಲಿ ಎಂದು ಹಾರೈಸುತ್ತೇನೆ.

ಅಭ್ಯಾಸ

೧. ಅಪಾಯಮೂಲಕ್ಕೂ ಅಪಾಯಸಂಭವಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಮನೆಯ ಒಂದು ಉದಾಹರಣೆಯಿಂದ ವಿವರಿಸಿರಿ.
೨. 20 ಅಡಿ ಎತ್ತರದಲ್ಲಿ ಒರಗುವ ಏಣಿಯ ಬುಡವು ಗೋಡೆಯಿಂದ ಎಷ್ಟು ದೂರವಿರಬೇಕು?
೩. ನಿಮ್ಮ ಅಡುಗೆಮನೆಯ ಐದು ಅಪಾಯಮೂಲಗಳನ್ನು ಪಟ್ಟಿಮಾಡಿ, ಅಂಕಗಳನ್ನು ಕೊಟ್ಟು, ಯಾವುದನ್ನು ಮೊದಲು ಸರಿಪಡಿಸುವಿರೆಂದು ಬರೆಯಿರಿ.
೪. ಹೆಲ್ಮೆಟ್ಟು ನಿವಾರಣೆಯ ಎಷ್ಟನೆಯ ಮೆಟ್ಟಿಲು? ಅದೊಂದೇ ಸಾಲದು ಏಕೆ?
೫. ತಂದೆ ಅಥವಾ ತಾಯಿಯನ್ನು “ಇಂದು ಕೆಲಸದಲ್ಲಿ ಯಾವುದಕ್ಕೆ ಹೆದರಿಕೆಯಾಯಿತು?” ಎಂದು ಕೇಳಿ, ಅವರ ಉತ್ತರವನ್ನು ಅವರ ಮಾತುಗಳಲ್ಲಿಯೇ ಬರೆದುಕೊಂಡು ಬನ್ನಿರಿ.